ಗಿದಮಿಲಂದನ ಕೋಲು, ಉದಗೈದಳ ತೊಗಲ ಲಂಗ

ಎಯಾಸಿ ಕೆರೆಯ ಕಡೆಯಿಂದ ಧೂಳೆದ್ದರೆ ಸಾಕು, ಗಿದಮಿಲಂದನ ಹಟ್ಟಿಯಲ್ಲಿ ಗಡಿಬಿಡಿ ಶುರು. ದನ ಎಬ್ಬಿಸುವ ಧೂಳು ಅಗಲವಾಗಿ, ಸೋಮಾರಿಯಾಗಿ ಏಳುತ್ತದೆ. ಜೀಪಿನ ಧೂಳಿಗೆ ಬಾಲವಿರುತ್ತದೆ. ಬಾಲ ಕಂಡದ್ದೇ ತಡ, "ಬಂದ್ರು, ಬಂದ್ರು! ಪ್ಲಾಸ್ಟಿಕ್ಕೆಲ್ಲ ಒಳಗೆ!" ಎಂದು ಅವನು ಕೂಗು ಹಾಕುತ್ತಾನೆ. ನೀಲಿ ಕುರ್ಚಿ ಮುಳ್ಳುಬೇಲಿಯ ಹಿಂದೆ ಹೋಗುತ್ತದೆ. ಹಳದಿ ನೀರಿನ ಕ್ಯಾನುಗಳು ಹಸುವಿನ ಚರ್ಮದಡಿ ಅಡಗಿಕೊಳ್ಳುತ್ತವೆ. ಮಾಡಿನ ಮೇಲಿನ ಸೋಲಾರ್ ಹಲಗೆಯ ಮೇಲೆ ಒಂದು ಹೊರೆ ಹುಲ್ಲು ಬೀಳುತ್ತದೆ. ಗಿದಮಿಲಂದ ತನ್ನ ಪ್ಯಾಂಟು ಕಳಚಿ, ಕೆಂಪು ಬಟ್ಟೆ ಹೆಗಲಿಗೆ ಹಾಕಿ, ಕೋಲೂರಿ, ಒಂಟಿ ಕಾಲಲ್ಲಿ ನಿಂತು, ಹುಟ್ಟಿದಾಗಿನಿಂದ ಗಾಡಿಯನ್ನೇ ನೋಡದವನ ಹಾಗೆ ದಿಗಂತ ನೋಡತೊಡಗುತ್ತಾನೆ.

ಜೀಪಿನಲ್ಲಿ ಬಂದ ಬಿಳಿಯ ಪ್ರವಾಸಿಗರಿಗೆ ಮೊದಲು ತೋರಿಸುವುದು ಅರೆಯುವ ಕಲ್ಲು. ಮನೆಗೆ ಬೇಕಾದ ಮೆಕ್ಕೆಜೋಳದ ಹಿಟ್ಟು ಹತ್ತಿರದ ಸಂತೆಯೂರು ಮಂಗೋಲದ ಗಿರಣಿಯಿಂದ ಬರುತ್ತದೆ. ಅದು ಊರಿಗೆಲ್ಲ ಗೊತ್ತು. ಕಲ್ಲಿನ ಮೇಲೆ ಇರುವುದು ಬರೀ ಒಂದು ಬೊಗಸೆ ಕಾಳು. ಬಂದವರು ಒಬ್ಬೊಬ್ಬರಾಗಿ ಮಂಡಿಯೂರಿ, ನಗುತ್ತಾ, ನಾಲ್ಕು ಸಲ ಉಜ್ಜಿ, ಫೋಟೋ ತೆಗೆಸಿಕೊಂಡು ಏಳುತ್ತಾರೆ. ಆ ಒಂದು ಬೊಗಸೆಯನ್ನು ಅರ್ಧ ಯುರೋಪು ಅರೆದಿದೆ, ಅದಿನ್ನೂ ಹಿಟ್ಟಾಗಿಲ್ಲ.

ಗಿದಮಿಲಂದ ಹುಟ್ಟಿದ್ದು ಒಳ್ಳೆಯ ದನಗಾರರ ಮನೆಯಲ್ಲೇ. ಆದರೆ ದನ ಕಾಯುವ ಗುಣ ಮಾತ್ರ ಅವನ ಹತ್ತಿರ ಸುಳಿಯಲಿಲ್ಲ. ಜಾಲಿಯ ನೆರಳು ಕಂಡರೆ ಅವನಿಗೆ ನಿದ್ದೆ, ಈರುಳ್ಳಿ ಹೊಲ ಕಂಡರೆ ಅವನ ದನಗಳಿಗೆ ಹಸಿವು. ಹರೆಯದಲ್ಲಿ ಒಂದು ಬೆಳಿಗ್ಗೆ ದೊಡ್ಡಿಗೆ ಸಿಂಹ ಬಂತು. ಓರಗೆಯವರು ಈಟಿ ಹಿಡಿದು ಓಡಿದರು. ಇವನೂ ಓಡಿದ, ಎದುರು ದಿಕ್ಕಿಗೆ. ಸಿಂಹ ಸತ್ತು, ಅದರ ಚರ್ಮ ಸುಲಿದು, ಕೊಂದವನಿಗೆ ಹುಡುಗಿಯರು ಹಾಡು ಕಟ್ಟಿ ಮುಗಿಸುವ ಹೊತ್ತಿಗೂ ಇವನು ಜಾಲಿಮರದ ತುದಿಯಲ್ಲೇ ಇದ್ದ. ಇಳಿಸಿಕೊಂಡು ಬಂದು ತೊಡೆಯಿಂದ, ಅಂಗೈಯಿಂದ, ಹೇಳಬಾರದ ಜಾಗಗಳಿಂದ ಮುಳ್ಳು ಕಿತ್ತವಳು ಅವನ ಸೋದರತ್ತೆ ಉದಬಾಷ. ಅಪ್ಪನ ಅಕ್ಕ. ಆಗಲೇ ಅವಳ ಬಾಯಿಗೆ ಊರು ಹೆದರುತ್ತಿತ್ತು.

ಸಿಂಹ ಕೊಂದವನಿಗೆ ನಮ್ಮಲ್ಲಿ ನೆಂಟರೆಲ್ಲ ದನ ಕೊಟ್ಟು ಮರ್ಯಾದೆ ಮಾಡುತ್ತಾರೆ. ಮರ ಹತ್ತಿದವನಿಗೆ ಏನೂ ಕೊಡುವ ಪದ್ಧತಿಯಿಲ್ಲ. ಗಿದಮಿಲಂದ ಮುಖ ತಪ್ಪಿಸಿಕೊಂಡು ಅರೂಷ ಪಟ್ಟಣಕ್ಕೆ ಹೋಗಿ ಒಂದು ಹಾಸಿಗೆ ಅಂಗಡಿಯ ಕಾವಲಿಗೆ ನಿಂತ. ಕೋಲು ಹಿಡಿದು, ಬಟ್ಟೆ ಹೊದ್ದು ನಿಂತ ಅವನನ್ನು ಹಾದಿಯಲ್ಲಿ ಹೋಗುವ ಬಿಳಿಯನೊಬ್ಬ ನಿಲ್ಲಿಸಿ ಫೋಟೋ ಹೊಡೆದ, ಹೊಡೆದು ತನ್ನ ತಲೆಯ ಟೋಪಿ ತೆಗೆದು ಕೊಟ್ಟ. ಸುಮ್ಮನೆ ನಿಂತದ್ದಕ್ಕೆ ಟೋಪಿ! ನಿಲ್ಲುವುದೊಂದು ಕೆಲಸ ಎಂದು ಅವನಿಗೆ ಅವತ್ತು ಜ್ಞಾನೋದಯವಾಯಿತು. ಆ ಕೆಲಸಕ್ಕೆ ಸ್ವಂತ ಊರೇ ಸರಿ ಎಂದು ಹಿಂದಿರುಗಿದ.

ಜೊತೆಗೆ ಸಿಕ್ಕವನು ಕರಾಟು ಕಡೆಯ ಅಮ್ಸಿ, ಇರಾಕ್ವ್ ಕುಲದವನು. ಅಮ್ಸಿಯ ಅಜ್ಜನ ದನಗಳನ್ನು ಗಿದಮಿಲಂದನ ಅಜ್ಜ ಹೊಡೆದುಕೊಂಡು ಬಂದಿದ್ದ, ಇವನ ಅಜ್ಜನ ದನಗಳನ್ನು ಅವನ ಅಜ್ಜ. ಈಗ ಮೊಮ್ಮಕ್ಕಳಿಬ್ಬರೂ ರಾಜಿಯಾಗಿ ಬಿಳಿಯರನ್ನು ಹೊಡೆದುಕೊಂಡು ಬರುತ್ತಾರೆ. ಅಮ್ಸಿಗೆ ಅವರ ಭಾಷೆಯೂ ಬರುತ್ತದೆ, ನಮ್ಮ ಭಾಷೆಯೂ ಬರುತ್ತದೆ. ಒಂದರಲ್ಲಿ ಹೇಳಿದ್ದು ಇನ್ನೊಂದಕ್ಕೆ ಹೋಗುವಾಗ ದಾರಿಯಲ್ಲಿ ಮೈಕೈ ತುಂಬಿಕೊಳ್ಳುತ್ತದೆ. "ಈಯಮ್ಮನ ಬೂಟು ನಾರ್ತಾ ಇದೆ, ಆಚೆ ಬಿಡೋಕೆ ಹೇಳು" ಎಂದು ಗಿದಮಿಲಂದನ ಹೆಂಡತಿ ಅಂದರೆ, ಅಮ್ಸಿ ಕೈ ಜೋಡಿಸಿ, ನೀವು ಈ ನೆಲಕ್ಕೆ ಕಾಲಿಟ್ಟಿದ್ದು ತನ್ನ ಭಾಗ್ಯ ಎನ್ನುತ್ತಿದ್ದಾಳೆ ಎಂದು ಹೇಳಿಬಿಡುತ್ತಿದ್ದ. ಬಂದವರ ಕಣ್ಣು ತುಂಬಿ ಬರುತ್ತಿತ್ತು.

ಸಿಂಹದ ಕತೆಯನ್ನು ಇಬ್ಬರೂ ಸೇರಿ ಕಟ್ಟಿದ್ದರು. ಗಿದಮಿಲಂದ ಒಬ್ಬನೇ ಸಿಂಹದ ಎದುರು ನಿಂತ; ಈಟಿ ಮುರಿಯಿತು; ಕೈಯಿಂದಲೇ ಗಂಟಲು ಹಿಡಿದ. ತೊಡೆಯ ಮೇಲಿನ ಮುಳ್ಳಿನ ಕಲೆಗಳೆಲ್ಲ ಉಗುರಿನ ಕಲೆಗಳಾದವು. ಕೊನೆಗೆ ಅವನು ಕೋಲೆತ್ತಿ ಹಟ್ಟಿಯ ಬಾಗಿಲಲ್ಲಿ ನಿಂತ ಹೋರಿಯನ್ನು ತೋರಿಸುತ್ತಿದ್ದ. ಆ ಶೌರ್ಯಕ್ಕೆ ಕುಲದವರು ಕೊಟ್ಟ ಹೋರಿ!

ಕತೆಯಲ್ಲಿ ನಿಜವಾದದ್ದು ಆ ಹೋರಿಯೊಂದೇ. ಮೈಯಲ್ಲಿ ಒಂದೇ ಒಂದು ಬಿಳಿ ಕೂದಲಿಲ್ಲದ ಕರಿ ಹೋರಿ, ಕರಿಯ ಎಂದೇ ಅದರ ಹೆಸರು. ಹುಟ್ಟುತ್ತಲೇ ತಾಯಿ ಸತ್ತ ಕರುವನ್ನು ಗಿದಮಿಲಂದ ಸೋರೆಬುರುಡೆಯಿಂದ ಹಾಲು ಕುಡಿಸಿ ಸಾಕಿದ್ದ. ದಿನಾ ಬೆಳಿಗ್ಗೆ ಅದರ ಕಿವಿಯೊಳಗಿನ ಉಣ್ಣೆಹುಳ ಹೆಕ್ಕುತ್ತಾ ಮೆಲ್ಲಗೆ ಹಾಡುತ್ತಿದ್ದ. ಆ ಹಾಡು ಮಾತ್ರ ಬಂದವರ ಮುಂದೆ ಅವನು ಎಂದೂ ಹಾಡಲಿಲ್ಲ. ಇಡೀ ಜನ್ಮದಲ್ಲಿ ಅವನು ನಾಟಕವಿಲ್ಲದೆ ಮಾಡಿದ ಕೆಲಸ ಇದೊಂದೇ ಇರಬೇಕು.

ಹೆಂಡತಿ ಉದಗೈದಳಿಗೆ ಈ ಆಟ ಹಿಡಿಸುತ್ತಿರಲಿಲ್ಲ. ಹಾಗೆಂದು ಬಿಡಿಸುವುದಕ್ಕೂ ಹೋಗಲಿಲ್ಲ. ಜಾಲಿಯ ನೆರಳಲ್ಲಿ ಗೊರಕೆ ಹೊಡೆಯುವುದಕ್ಕಿಂತ ಒಂಟಿ ಕಾಲಲ್ಲಿ ನಿಲ್ಲುವುದು ವಾಸಿ ಎಂದು ಸುಮ್ಮನಿದ್ದಳು. ಆದರೆ ಮೊದಲ ದಿನವೇ ಒಂದು ಮಾತು ಹೇಳಿದ್ದಳು.

"ನಿನ್ನ ನಾಟಕಕ್ಕೆ ನಾನ್ ಬರ್ತೀನಿ. ನನ್ನ ಲಂಗ ಬರಲ್ಲ."

ಮದುವೆಯಲ್ಲಿ ಹೆಣ್ಣು ಉಡುವ ತೊಗಲ ಲಂಗ ನಮ್ಮಲ್ಲಿ ಬಟ್ಟೆಯಲ್ಲ, ಅದು ಹೆಣ್ಣಿನ ಮಾನ. ಅದಕ್ಕೆ ಗಂಡಸು ಕೈ ಹಚ್ಚುವಂತಿಲ್ಲ. ಗಂಡನಾದರೂ ಅಷ್ಟೇ, ಹೊಟ್ಟೆಯಲ್ಲಿ ಹುಟ್ಟಿದ ಮಗನಾದರೂ ಅಷ್ಟೇ. ಉದಗೈದಳ ಲಂಗವನ್ನು ಅವಳ ತಾಯಿ ಮಾಡಿದ್ದಳು. ಕರುವಿನ ಚರ್ಮವನ್ನು ಬೆಣ್ಣೆ ಹಚ್ಚಿ ಹಚ್ಚಿ, ಎರಡೂ ಕೈಯಲ್ಲಿ ತಿಕ್ಕಿ, ಎಲೆಯಷ್ಟು ಮೆತ್ತಗೆ ಮಾಡಿ, ಸಣ್ಣ ಸಣ್ಣ ಪಟ್ಟಿಯಾಗಿ ಸೀಳಿ, ಅಂಚಿಗೆ ಕೆಂಪು ಮಣಿ ಹೊಲಿದಿದ್ದಳು. ತಾಯಿ ತೀರಿಕೊಂಡ ಮೇಲೆ ಉದಗೈದ ಅದನ್ನು ಹಬ್ಬಕ್ಕೋ ಸಾವಿಗೋ ಮಾತ್ರ ಉಡುತ್ತಿದ್ದಳು. ಉಳಿದ ದಿನ ಅದು ಒಲೆಯ ಹೊಗೆ ತಾಗುವ ಗೂಟದಲ್ಲಿ ತೂಗುತ್ತಿತ್ತು. ಬೇಸರವಾದಾಗ ಹೋಗಿ ಅದಕ್ಕೆ ಮುಖ ಒತ್ತಿ ನಿಲ್ಲುತ್ತಿದ್ದಳು. ಹಳೆ ಬೆಣ್ಣೆ, ಹೊಗೆ, ಅಮ್ಮನ ಅಂಗೈ, ಎಲ್ಲ ಸೇರಿದ ಒಂದು ವಾಸನೆ ಅದರಲ್ಲಿತ್ತು. ಜೀಪಿನವರಿಗಾಗಿ ಅವಳು ಉಡುತ್ತಿದ್ದದ್ದು ಸಂತೆಯಿಂದ ತಂದ ಒರಟು ಆಡಿನ ತೊಗಲು, ಪ್ಲಾಸ್ಟಿಕ್ ಮಣಿಯದು.

ಹೀಗಿರುವಾಗ ಕೊರ್ನೇಲಿಯ ಬಂದಳು.

ಅವಳು ಒಬ್ಬಳೇ ಬಂದಳು. ಅಗಲ ಟೋಪಿ, ಮೈತುಂಬ ಜೇಬು, ಕೊರಳಲ್ಲಿ ದುರ್ಬೀನು. ಕೆರೆಯಂಚಿನ ಈಚಲ ತೋಪಿನಲ್ಲಿ ಗುಡಾರ ಹಾಕಿಸಿಕೊಂಡಿದ್ದಳು. ತಾನು ಪ್ರವಾಸಿಯಲ್ಲ, ಸಂಸ್ಕೃತಿಯ ಯಾತ್ರಿಕಳು ಎಂದು ಬಾಗಿಲಲ್ಲೇ ಹೇಳಿದಳು. ಅದನ್ನು ಅಮ್ಸಿ ನಮ್ಮ ಭಾಷೆಗೆ ತಂದದ್ದು, "ಈಯಮ್ಮ ಬೇಗ ಹೋಗೋಳಲ್ಲ" ಎಂದು.

ಅವಳಿಗೆ ಅಸಲಿ ಬೇಕಿತ್ತು. ಕಲ್ಲಿನ ಮುಂದೆ ಮಂಡಿಯೂರಿ ನಾಲ್ಕು ಸಲಕ್ಕೆ ಏಳದೆ ಬೆವರು ಕಿತ್ತುಬರುವಷ್ಟು ಅರೆದಳು. ಸಿಂಹದ ಕತೆ ಕೇಳಿ ಅತ್ತಳು, ತೊಡೆಯ ಕಲೆ ಮುಟ್ಟಿ ಇನ್ನೊಮ್ಮೆ ಅತ್ತಳು. ಮಾಡಿನ ಮೇಲಿನ ಹುಲ್ಲಿನ ಹೊರೆ ಏನು ಎಂದು ಕೇಳಿದಳು.

"ಮಳೆಗೆ ಹರಕೆ ಹೊತ್ತಿದ್ದು," ಎಂದ ಅಮ್ಸಿ, ರೆಪ್ಪೆ ಮಿಟುಕಿಸದೆ.

ಹಳೆ ಬೀಗ, ನಲ್ಲಿ ಕರಗಿಸಿ ಮಾಡಿದ ಹಿತ್ತಾಳೆ ಬಳೆಗಳನ್ನು ಗಿದಮಿಲಂದ ಹರಡಿದ. ಅವಳು ಕೈಯಾಡಿಸಿ ಪಕ್ಕಕ್ಕೆ ಸರಿಸಿದಳು. ಉದಗೈದ ಉಟ್ಟಿದ್ದ ಲಂಗದ ಅಂಚನ್ನು ಹಿಡಿದು, ಬಗ್ಗಿ, ಮೂಸಿಯೇಬಿಟ್ಟಳು.

"ಇದಕ್ಕೆ ವಾಸನೇನೇ ಇಲ್ವಂತೆ," ಎಂದ ಅಮ್ಸಿ. "ಬಾಳಿ ಬದುಕಿದ್ದು ಬೇಕಂತೆ."

"ಹಂಗಾದ್ರೆ ನಮ್ಮ ಉದಬಾಷತ್ತೇನ ಕರ್ಕೊಂಡ್ ಹೋಗೋಕ್ ಹೇಳು," ಎಂದಳು ಉದಗೈದ.

ಅಮ್ಸಿ ಏನೋ ಸಿಹಿಯಾಗಿ ಹೇಳಿದ. ಅಷ್ಟರಲ್ಲಿ ಕೊರ್ನೇಲಿಯಳ ಮೂಗು ಒಲೆಯ ಕೋಣೆಯ ದಾರಿ ಹಿಡಿದಿತ್ತು. ಕತ್ತಲಲ್ಲಿ ಗೂಟದ ಮೇಲೆ ತೂಗುತ್ತಿದ್ದ ಲಂಗದ ಮುಂದೆ ಕಣ್ಮುಚ್ಚಿ ನಿಂತು ಉಸಿರೆಳೆದಳು. ಇದು, ಇದೇ ಎಂದಳು.

ಉದಗೈದ ಅವಳಿಗೂ ಗೂಟಕ್ಕೂ ನಡುವೆ ಬಂದು ನಿಂತಳು. "ಅದು ಕೊಡೋದಲ್ಲ. ನಮ್ಮಮ್ಮಂದು. ಸರಿಯಾಗಿ ಹೇಳು ಅಮ್ಸಿ, ನಿನ್ನ ಸಕ್ಕರೆ ಸೇರಿಸ್ಬೇಡ."

ಅಮ್ಸಿ ಹೇಳಿದ. ಕೊರ್ನೇಲಿಯ ಮುಗುಳ್ನಕ್ಕು ಉದಗೈದಳ ಕೆನ್ನೆ ಸವರಿದಳು. ಕೊಡೋದಲ್ಲ ಅಂದದ್ದಕ್ಕೆ ಕೆನ್ನೆ ಯಾಕೆ ಸವರುತ್ತಾಳೆ ಎಂದು ಉದಗೈದಳಿಗೆ ಅರ್ಥವಾಗಲಿಲ್ಲ.

ಮಾರನೆ ದಿನ ಉದಗೈದ ನೆರೆಹಟ್ಟಿಯ ಸೊಸೆಯ ಹೆರಿಗೆಗೆ ಹೋದಳು. ಅವಳು ಅತ್ತ ಹೋದಳು, ಇತ್ತ ಅಮ್ಸಿ ಬಂದ. ಯಾತ್ರಿಕಳು ರಾತ್ರಿಯೆಲ್ಲ ಲಂಗದ್ದೇ ಕನಸು ಕಂಡಳಂತೆ. ಬದಲಿಗೆ ಕೊರಳಿನ ದುರ್ಬೀನನ್ನೇ ಕೊಡುತ್ತಾಳಂತೆ.

ಗಿದಮಿಲಂದನ ಕಣ್ಣು ಹೊಳೆಯಿತು. ದುರ್ಬೀನಿದ್ದರೆ ಜೀಪು ಕೆರೆಯ ಆಚೆ ದಡದಲ್ಲಿರುವಾಗಲೇ ಕುರ್ಚಿ ಒಳಗಿಡಬಹುದು! ಈ ಧೂಳು ನೋಡುವ ಕಷ್ಟವೇ ತಪ್ಪಿತು. ಹೆಂಡತಿಗೆ ಸಂತೆಯಿಂದ ಇನ್ನೊಂದು ಲಂಗ ತಂದರಾಯಿತು, ಹೊಗೆಗೆ ಕಟ್ಟಿದರೆ ಅದೂ ನಾಲ್ಕು ದಿನದಲ್ಲಿ ನಾರುತ್ತದೆ ಎಂದು ಲೆಕ್ಕ ಹಾಕಿದ. ಉಳಿದದ್ದು ಕಟ್ಟಳೆಯೊಂದೇ. ಗಂಡಸು ಕೈ ಹಚ್ಚಬಾರದು ತಾನೇ? ಕೈ ಹಚ್ಚಿದರೆ ತಾನೇ? ಅವನು ಒಲೆಯ ಕೋಣೆಗೆ ಹೋಗಿ, ಮುಖ ಆಚೆ ತಿರುಗಿಸಿ, ದನ ಹೊಡೆಯುವ ಕೋಲಿನ ತುದಿಯಿಂದ ಲಂಗವನ್ನು ಮೆಲ್ಲಗೆ ಎತ್ತಿದ. ಹಾವು ಎತ್ತುವವನ ಹಾಗೆ ಕೋಲನ್ನು ಮುಂದಕ್ಕೆ ಚಾಚಿಕೊಂಡು ಹೊರಗೆ ಬಂದು, ಅಮ್ಸಿ ಹಿಡಿದ ಚೀಲದೊಳಗೆ ಜಾರಿಸಿದ. ಬೆರಳೂ ತಾಗಲಿಲ್ಲ. ತನ್ನ ಬುದ್ಧಿಗೆ ತಾನೇ ಬೆರಗಾಗಿ ಒಂದು ಸುತ್ತು ಕೋಲು ತಿರುಗಿಸಿದ.

ಸಂಜೆ ಉದಗೈದ ಬಂದು ಒಳಗೆ ಹೋದಳು. ಬರಿ ಗೂಟ ನೋಡಿದಳು. ಹೊರಗೆ ಬಂದು ಗಂಡನ ಕೊರಳ ದುರ್ಬೀನು ನೋಡಿದಳು.

"ಲಂಗ ಎಲ್ಲಿ?"

"ನಾನ್ ಕೈ ಹಚ್ಚಿಲ್ಲ."

"ಎಲ್ಲಿ ಅಂದೆ."

"ಆಯಮ್ಮನ ಹತ್ರ. ಜೋಪಾನವಾಗಿ ಇಟ್ಕೋತಾಳಂತೆ. ಗಾಜಿನ ಪೆಟ್ಟಿಗೇಲಿ! ನಿಮ್ಮಮ್ಮನ ಕೈಕೆಲಸ ದೊಡ್ಡ ಊರಿನ ಗೋಡೆ ಮೇಲೆ ಇರುತ್ತೆ, ನೀನು ಖುಷಿಪಡೋದು ಬಿಟ್ಟು..."

 ಮಾತು ಮುಗಿಯುವ ಮೊದಲೇ ಅವಳು ಮೇಲುಹೊದಿಕೆ ಎಳೆದುಕೊಂಡು ಉದಬಾಷಳ ಹಟ್ಟಿಯ ಕಡೆ ನಡೆದುಬಿಟ್ಟಳು, ಆ ರಾತ್ರಿ ಮನೆಗೆ ಬರಲಿಲ್ಲ.

ಬೆಳಿಗ್ಗೆ ಗಿದಮಿಲಂದ ನೀಲಿ ಕುರ್ಚಿಯಲ್ಲಿ ಕೂತು ಹೊಸ ಆಸ್ತಿಯನ್ನು ಕಣ್ಣಿಗಿಟ್ಟ. ಕೆರೆ ಕಂಡಿತು, ಕೆರೆಯಂಚಿನ ಕೊಕ್ಕರೆ ಕಂಡಿತು, ಹಾಗೇ ಪಕ್ಕಕ್ಕೆ ತಿರುಗಿಸಿದಾಗ ಹೆಂಗಸರು ಕಂಡರು. ಸಾಲಾಗಿ ಬರುತ್ತಿದ್ದರು. ಎಲ್ಲರೂ ತೊಗಲ ಲಂಗ ಉಟ್ಟಿದ್ದರು, ಕೈಯಲ್ಲಿ ಕೋಲಿತ್ತು. ಮುಂದೆ ಉದಬಾಷ. ಅವಳ ಪಕ್ಕದಲ್ಲಿ ಹತ್ತಿಯ ತೆಳು ಬಟ್ಟೆ ಸುತ್ತಿಕೊಂಡವಳು ಒಬ್ಬಳೇ, ಅವನ ಹೆಂಡತಿ. ದುರ್ಬೀನಿನಲ್ಲಿ ಅತ್ತೆಯ ಮುಖ ಎಷ್ಟು ಹತ್ತಿರ ಬಂತೆಂದರೆ ಅವನು ಕುರ್ಚಿಯಲ್ಲೇ ಹಿಂದಕ್ಕೆ ಸರಿದ. ದುರ್ಬೀನನ್ನು ತಿರುಗಿಸಿ ಹಿಂಬದಿಯಿಂದ ನೋಡಿದ. ಹೆಂಗಸರು ಇರುವೆಗಳಷ್ಟಾಗಿ ಬಹಳ ದೂರ ಹೋದರು. ಅಬ್ಬ ಎನ್ನಿಸಿತು. ಕಣ್ಣಿಂದ ತೆಗೆದರೆ ಬೇಲಿಯ ಹತ್ತಿರವೇ ಬಂದಿದ್ದರು.

ನಮ್ಮ ಕಡೆ ಹೆಂಗಸರು ಸಭೆ ಕೂತರು ಅಂದರೆ ಗಂಡಸರು ಎದ್ದು ಹೋಗುತ್ತಾರೆ. ಗಿದಮಿಲಂದ ಪಕ್ಕದ ಹಟ್ಟಿಯ ಅಣ್ಣ ಗಿದಶಾಂಗನ ಹತ್ತಿರ ಓಡಿದ.

"ಅಣ್ಣ, ನೀನಾದ್ರೂ ಬಂದು ಒಂದು ಮಾತು ಹೇಳು."

"ನನ್ನದೊಂದು ಹಸು ತಪ್ಪಿಸ್ಕೊಂಡಿದೆ ಕಣೋ, ಹುಡುಕೋಕ್ ಹೊರಟೆ."

"ನಿನ್ನ ಹಸುಗಳೆಲ್ಲ ಇಲ್ಲೇ ನಿಂತಿವೆಯಲ್ಲ!"

"ಹಂಗಾದ್ರೆ ಬೇರೆ ಯಾರದ್ದೋ," ಎಂದು ಗಿದಶಾಂಗ ಹೋಗಿಯೇಬಿಟ್ಟ.

ದೊಡ್ಡ ಜಾಲಿಯ ಕೆಳಗೆ ಹೆಂಗಸರು ಕೂತರು. ಗಿದಮಿಲಂದನನ್ನು ಎದುರಿಗೆ ನಿಲ್ಲಿಸಿದರು. ಅಭ್ಯಾಸಬಲದಿಂದ ಅವನು ಒಂದು ಕಾಲು ಮೇಲೆತ್ತಿದ.

"ಕಾಲು ಇಳಿಸೋ," ಎಂದಳು ಉದಬಾಷ. "ಇಲ್ಲಿ ಯಾರೂ ಫೋಟೋ ತೆಗೀತಿಲ್ಲ."

ಅವನು ಇಳಿಸಿದ. "ಅತ್ತೆ, ನಾನು ಕಟ್ಟಳೆ ಮೀರಿಲ್ಲ. ಲಂಗಕ್ಕೆ ಕೈ ಹಚ್ಚಬಾರದು ಅಂತ ತಾನೇ ಇರೋದು? ನಾನು ಹಚ್ಚಿಲ್ಲ. ಕೋಲಲ್ಲಿ ಎತ್ತಿದೆ. ಕಣ್ಣಲ್ಲೂ ನೋಡ್ಲಿಲ್ಲ. ಬೇಕಾದ್ರೆ ಅಮ್ಸೀನ ಕೇಳಿ."

ಹೆಂಗಸರ ನಡುವೆ ಒಂದು ಗುಜುಗುಜು ಎದ್ದು ನಗೆಯಾಯಿತು. ಉದಬಾಷ ನಗಲಿಲ್ಲ.

"ಎಲ್ಲಿ ಆ ಕೋಲು?"

ಕೊಟ್ಟ. ಅವಳು ಅದನ್ನು ಮೇಲೆ ಕೆಳಗೆ ನೋಡಿ ಕೇಳಿದಳು: "ಏನಪ್ಪ ಕೋಲೇ, ನೀನೇ ಒಲೆ ಕೋಣೆಗೆ ಹೋದ್ಯಾ? ನೀನೇ ಲಂಗ ಎತ್ತಿದ್ಯಾ? ನಿಂಗೇ ದುರ್ಬೀನು ಬೇಕಾಗಿತ್ತಾ?" ಆಮೇಲೆ ಕೋಲನ್ನು ಕಿವಿಗೆ ಹಿಡಿದು ಕೇಳಿಸಿಕೊಂಡಳು. "ಇದು ಹೇಳುತ್ತೆ, ತನ್ನ ಹಿಂದೆ ಒಂದು ಕೈ ಇತ್ತಂತೆ. ಕೈ ಹಿಂದೆ ಒಬ್ಬ ಹೇಡಿ ಇದ್ದನಂತೆ." ಮೊಣಕಾಲಿಗಿಟ್ಟು ಕೋಲನ್ನು ಎರಡು ತುಂಡು ಮಾಡಿ ಬಿಸಾಡಿದಳು.

"ಅವಳ ಮೇಲೂ ತಪ್ಪಿದೆ," ಎಂದು ಗಿದಮಿಲಂದ ತೊದಲಿದ. "ಆ ಬಿಳಿಯಮ್ಮ. ಅವಳೇ ಕೇಳಿದ್ದು."

"ಅವಳಿಗೇನ್ ಗೊತ್ತೋ? ಅವಳು ಕೊಟ್ಟಿದ್ದು ತಗೊಂಡಳು. ಗೊತ್ತಿದ್ದೋನು ನೀನು. ಗೊತ್ತಿದ್ದಿದ್ದಕ್ಕೇ ಕೋಲು ಹಿಡ್ಕೊಂಡು ಹೋದೆ." ಉದಬಾಷ ಎದ್ದು ನಿಂತಳು. "ಸಿಂಹ ಬಂದಾಗ ಮರ ಹತ್ತಿದೆ, ಮುಳ್ಳು ನಾನು ಕಿತ್ತೆ. ಆ ಕಲೆ ತೋರ್ಸಿ ಬಂದೋರಿಗೆಲ್ಲ ಸುಳ್ಳು ಹೇಳ್ದೆ, ನಾವು ನಕ್ಕು ಸುಮ್ನಿದ್ವಿ. ಹೊಟ್ಟೆಪಾಡು ಅಂದ್ಕೊಂಡ್ವಿ. ಇವತ್ತು ಹೆಂಡ್ತಿ ಮಾನಾನೇ ಕೋಲಿಗೆ ಸಿಕ್ಕಿಸ್ಕೊಂಡು ಹೋದ್ಯಲ್ಲೋ. ಉದಗೈದ, ನೀನೇನಂತೀಯ?"

ಉದಗೈದ ಗಂಡನ ಕಡೆ ನೋಡಲಿಲ್ಲ. "ನಂಗೆ ಲಂಗ ಬೇಕು. ಬೇರೆ ಏನೂ ಬೇಡ."

"ನಿಂಗೆ ಬೇಡದಿದ್ರೆ ನಮಗೆ ಬೇಕು," ಎಂದಳು ಉದಬಾಷ. ಹೆಂಗಸರು ತಲೆ ಸೇರಿಸಿ ಮಾತಾಡಿದರು. ತೀರ್ಪಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಲಂಗ ವಾಪಸು ಬರಬೇಕು, ಅವನೇ ತರಬೇಕು. ದಂಡಕ್ಕೆ ಒಂದು ಹೋರಿ, ಬಿಳಿ ಕೂದಲಿಲ್ಲದ ಕರಿದು. ಕೊಡದಿದ್ದರೆ ಅವನ ಹಟ್ಟಿಯಿಂದ ಯಾವ ಹೆಣ್ಣೂ ಬೆಂಕಿ ಒಯ್ಯುವುದಿಲ್ಲ, ಅವನ ಹಟ್ಟಿಗೆ ಬೆಂಕಿ ಕೊಡುವುದಿಲ್ಲ. ಅವನ ಮಕ್ಕಳಿಗೆ ಹೆಣ್ಣಿಲ್ಲ, ಅವನ ಹೆಣಕ್ಕೆ ಅಳುವವರಿಲ್ಲ.

"ಕರೀದಾ?" ಗಿದಮಿಲಂದ ಎರಡು ಹೆಜ್ಜೆ ಮುಂದೆ ಬಂದ. "ಅತ್ತೆ, ಬೇಕಾದ್ರೆ ಎರಡು ಕಂದು ಹೋರಿ ಕೊಡ್ತೀನಿ. ಕರಿಯನ್ನ ಬಿಡಿ. ಬುರುಡೇಲಿ ಹಾಲು ಕುಡ್ಸಿ ಸಾಕಿದ್ದು ಅದನ್ನ. ನನ್ನ ಕೈಯಾರೆ..."

"ಈ ಲಂಗಾನೂ ಯಾರೋ ಕೈಯಾರೆ ಮಾಡಿದ್ದೇ," ಎಂದಳು ಉದಬಾಷ.

ಕೊರ್ನೇಲಿಯ ಇನ್ನೂ ಗುಡಾರ ಕಿತ್ತಿರಲಿಲ್ಲ. ಅಮ್ಸಿಯನ್ನು ಎಳೆದುಕೊಂಡು ಗಿದಮಿಲಂದ ಈಚಲ ತೋಪಿಗೆ ಹೋದಾಗ ಅವನಿಗೆ ಮೊದಲು ಕಂಡದ್ದು ಎರಡು ಮರಗಳ ನಡುವೆ ಕಟ್ಟಿದ ಹಗ್ಗ. ಹಗ್ಗದ ಮೇಲೆ ಅವಳ ಕಾಲುಚೀಲಗಳು, ಕಾಲುಚೀಲಗಳ ಪಕ್ಕದಲ್ಲಿ ಉದಗೈದಳ ಲಂಗ. ನೀರು ಸೋರುತ್ತಿತ್ತು. ಹುಳ ಇರಬಹುದೆಂದು ಸೋಪು ಹಾಕಿ, ಬ್ರಷ್ಷಿನಲ್ಲಿ ಉಜ್ಜಿ ತೊಳೆದಳಂತೆ. ಒಂದು ಸಲ ವಾಸನೆ ಹೋಗಲಿಲ್ಲವೆಂದು ಇನ್ನೊಂದು ಸಲ. ವಾಸನೆಗಾಗಿ ಕನಸು ಕಂಡವಳು ವಾಸನೆಯನ್ನು ಮನೆಗೆ ಒಯ್ಯುವ ಮೊದಲೇ ಕೊಂದಿದ್ದಳು! ಬಿಸಿಲಿಗೆ ಒಣಗಿದ ಅಂಚು ಆಗಲೇ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು.

ಅಮ್ಸಿ ಜೀವಮಾನದಲ್ಲಿ ಮೊದಲ ಸಲ ಹೇಳಿದ್ದನ್ನು ಹೇಳಿದ ಹಾಗೆ ದಾಟಿಸಿದ. ಹೆಂಗಸರ ಸಭೆ, ತೀರ್ಪು, ಎಲ್ಲ. ಕೊರ್ನೇಲಿಯಳ ಮುಖ ಕೆಂಪಾಗಿ ಆಮೇಲೆ ಬಿಳಿಚಿಕೊಂಡಿತು. ಅವಳು ಅಮ್ಸಿಯ ಮೇಲೆ ಹರಿಹಾಯ್ದಳು.

"ಏನಂತೆ?" ಎಂದ ಗಿದಮಿಲಂದ.

"ಆ ಹೆಂಗಸು ಸಂತೋಷದಿಂದ ಒಪ್ಪಿದಾಳೆ ಅಂತ ಹೇಳಿದ್ರಲ್ಲ ಅಂತಾಳೆ."

"ಯಾರು ಹಂಗೆ ಹೇಳಿದ್ದು?"

ಅಮ್ಸಿ ಕೆರೆಯ ಕಡೆ ನೋಡಿದ. "ನಾಚ್ಕೊಂಡು ಬೇಡ ಅಂತಾಳೆ, ಇವರಲ್ಲಿ ಬೇಡ ಅಂದ್ರೆ ಬೇಕು ಅಂತ, ಹಂಗೇನೋ ಅಂದಿದ್ದೆ."

ಕೊರ್ನೇಲಿಯ ದುರ್ಬೀನನ್ನು ವಾಪಸು ತೆಗೆದುಕೊಳ್ಳಲಿಲ್ಲ. ಲಂಗವನ್ನು ಹಗ್ಗದಿಂದ ಇಳಿಸಿ, ಮಡಚಿ, ಅವನ ಕೈಗೆ ಕೊಡಲು ಬಂದಳು. ಗಿದಮಿಲಂದ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಾರಿ ನಿಂತ. ಕೋಲು ಮುರಿದುಹೋಗಿತ್ತು. ಜಾಲಿಯ ಕೊಂಬೆಯೊಂದನ್ನು ಮುರಿದು ಚಾಚಿದ. ಅವಳು ಅದಕ್ಕೆ ತೂಗುಹಾಕಿದಳು, ಕಣ್ಣೊರೆಸಿಕೊಂಡಳು, ಹಾಗೇ ಒಂದು ಫೋಟೋವನ್ನೂ ತೆಗೆದುಕೊಂಡಳು.

ಹೆಂಗಸರ ಕಣ್ಣಿಗೆ ಬೀಳುವುದು ಬೇಡವೆಂದು ಅಮ್ಸಿ ಅಲ್ಲೇ ಜಾರಿಕೊಂಡ. ಗಿದಮಿಲಂದ ಮಂಗೋಲದ ಸಂತೆಯ ನಡುವೆಯೇ ನಡೆದು ಬರಬೇಕಾಯಿತು. ಲಂಗ ನೆಲಕ್ಕೆ ತಾಗಬಾರದು, ಮೈಗೂ ತಾಗಬಾರದು. ಕೊಂಬೆಯನ್ನು ಬಾವುಟದ ಹಾಗೆ ಎತ್ತಿ ಹಿಡಿದಿದ್ದ. ಮುಳ್ಳು ಅಂಗೈಗೆ ಇಳಿಯುತ್ತಿತ್ತು. ಈರುಳ್ಳಿ ರಾಶಿಯ ಹಿಂದಿನ ಹೆಂಗಸರು ಒಬ್ಬರಾದ ಮೇಲೊಬ್ಬರು ಎದ್ದು ನಿಂತರು.

"ಏನೋ ಗಿದಮಿಲಂದ, ಈ ಸಲ ಕೊಂದಿದ್ದು ಸಿಂಹಿಣೀನಾ?"

"ಚರ್ಮ ಸುಲಿಯೋಕೂ ಕೈ ಹಚ್ಲಿಲ್ವಂತೆ ಕಣೆ, ಕೋಲಲ್ಲೇ ಸುಲಿದ್ನಂತೆ!"

ಅವನು ತಲೆಯೆತ್ತಲಿಲ್ಲ. ಸಂತೆ ಮುಗಿಯುವುದು ಇಷ್ಟು ದೂರ ಎಂದು ಅವನಿಗೆ ಅವತ್ತೇ ಗೊತ್ತಾಯಿತು.

ಜಾಲಿಯ ಕೆಳಗೆ ಹೆಂಗಸರು ಕಾಯುತ್ತಿದ್ದರು. ಉದಗೈದ ಎದ್ದು ಬಂದು ಕೊಂಬೆಯಿಂದ ಲಂಗವನ್ನು ಬಿಡಿಸಿಕೊಂಡಳು. ಸಂತೋಷ ಅವಳ ಮುಖಕ್ಕೆ ಬಂದದ್ದನ್ನು ಎಲ್ಲರೂ ನೋಡಿದರು. ಅದನ್ನು ಎದೆಗೊತ್ತಿಕೊಂಡು, ಮುಖ ಹುದುಗಿಸಿ, ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ, ಒಳಮಗ್ಗುಲು ತಿರುಗಿಸಿ, ಮಣಿ ಹೊಲಿದ ಅಂಚಿನಲ್ಲಿ, ಸೊಂಟದ ಕಟ್ಟಿನಲ್ಲಿ, ಎಲ್ಲ ಕಡೆ ಮೂಗಿಟ್ಟು ಹುಡುಕಿದಳು. ಯಾವುದೋ ಊರಿನ ಹೂವಿನ ವಾಸನೆ ಬಂತು. ತೊಗಲು ಕೈಯಲ್ಲಿ ತಗಡಿನ ಹಾಗೆ ಸದ್ದು ಮಾಡಿತು.

"ಅಮ್ಮ ಇಲ್ಲ," ಎಂದಳು ಉದಗೈದ. "ಅತ್ತೆ, ಇದರಲ್ಲಿ ಅಮ್ಮ ಇಲ್ಲ."

ಅಷ್ಟು ಹೊತ್ತು ಕಲ್ಲಿನಂತಿದ್ದವಳು ಅಲ್ಲೇ ಕುಸಿದು ಕೂತು ಅತ್ತಳು. ಸಂತೆಯ ಹೊಸ ಲಂಗವನ್ನು ಹೊಗೆಗೆ ಕಟ್ಟಿ ನಾರಿಸುವ ಲೆಕ್ಕ ಹಾಕಿದ್ದ ಗಿದಮಿಲಂದನಿಗೆ ಆಗ, ಬಹಳ ತಡವಾಗಿ, ನಾಚಿಕೆಯಾಯಿತು.  ಮುಳ್ಳಿನ ಕೊಂಬೆಯನ್ನು ಕೆಳಗಿಟ್ಟು ಹಟ್ಟಿಯ ಕಡೆ ನಡೆದ.

ಮಾರನೆ ದಿನ ಅವನೇ ಕರಿಯನನ್ನು ಹೊಡೆದುಕೊಂಡು ಬಂದ. ಹೊಡೆಯಲು ಕೋಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹೋರಿ ಅವನ ಹಿಂದೆಯೇ ಬಂತು. ಬೇಲಿಯ ಹತ್ತಿರ ಅದರ ಕಿವಿಯೊಳಗಿಂದ ಕೊನೆಯ ಉಣ್ಣೆ ಹೆಕ್ಕಿ, ಎಂದಿನ ಹಾಡನ್ನು ಅರ್ಧಕ್ಕೇ ನಿಲ್ಲಿಸಿ, ಬಿಟ್ಟು ಹೋದ. ಹೆಂಗಸರ ದಂಡದ ಮಾಂಸದಲ್ಲಿ ಗಂಡಸಿಗೆ ತುಣುಕೂ ಇಲ್ಲ. ಗಿದಶಾಂಗ ಮಾತ್ರ ತಪ್ಪಿಸಿಕೊಂಡ ಹಸುವನ್ನು ಹುಡುಕುತ್ತಾ ಕರಿಯನ ಮಾಂಸ ಬೇಯುತ್ತಿದ್ದ ಬಾಣಲೆಯ ಸುತ್ತಲೇ ನಾಲ್ಕು ಸಲ ಸುಳಿದಾಡಿದನಂತೆ.

ಉದಬಾಷ ಹೋರಿಯ ಕೊಬ್ಬನ್ನೆಲ್ಲ ಕರಗಿಸಿ ಒಂದು ಸೋರೆಬುರುಡೆಗೆ ತುಂಬಿದಳು. ಉದಗೈದಳ ಪಕ್ಕದಲ್ಲಿ ಕೂತು, ಲಂಗವನ್ನು ಇಬ್ಬರ ತೊಡೆಯ ಮೇಲೆ ಹಾಸಿಕೊಂಡಳು. "ನಿಮ್ಮಮ್ಮ ಮಾಡ್ದಂಗೆ ಮಾಡು. ತಿಕ್ಕು," ಎಂದಳು. ಮಳೆಗಾಲ ಶುರುವಾಗುವವರೆಗೂ ಉದಗೈದ ದಿನಾ ತಿಕ್ಕಿದಳು. ತೊಗಲು ಮೆತ್ತಗಾಯಿತು. ಹೂವಿನ ವಾಸನೆ ಹೋಗಿ ಕೊಬ್ಬಿನ ವಾಸನೆ ಕೂತಿತು. ಅಮ್ಮನ ವಾಸನೆ ಬರಲಿಲ್ಲ, ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಲಂಗವನ್ನು ಅವಳು ಮತ್ತೆ ಗೂಟಕ್ಕೆ ಹಾಕಲಿಲ್ಲ. ದಿನಾ ಉಡತೊಡಗಿದಳು.

ಮಳೆ ನಿಂತ ಮೇಲೆ ಕೆರೆಯ ಕಡೆಯಿಂದ ಮತ್ತೆ ಬಾಲದ ಧೂಳೆದ್ದಿತು. ಗಿದಮಿಲಂದ ದುರ್ಬೀನಿನಲ್ಲಿ ನೋಡಿ, "ಬಂದ್ರು" ಎಂದ, ಮೊದಲಿನಷ್ಟು ಜೋರಾಗಿ ಅಲ್ಲ. ನೀಲಿ ಕುರ್ಚಿ ಬೇಲಿಯ ಹಿಂದೆ ಹೋಯಿತು. ಬೊಗಸೆ ಕಾಳು ಕಲ್ಲಿನ ಮೇಲೆ ಬಂತು. ಅವನು ಹೊಸ ಕೋಲೂರಿ, ಒಂಟಿ ಕಾಲಲ್ಲಿ ನಿಂತು ಕತೆ ಶುರು ಮಾಡಿದ. ಈಟಿ ಮುರಿಯಿತು, ಗಂಟಲು ಹಿಡಿದ, ಸಿಂಹ ನೆಲಕ್ಕುರುಳಿತು. ಆಗ ಕುಲದವರು ತನಗೆ ಕೊಟ್ಟ ಹೋರಿ ಎಂದು ಕೋಲೆತ್ತುವ ಹೊತ್ತಿಗೆ ಸರಿಯಾಗಿ ಉದಗೈದ ನೀರಿನ ಕ್ಯಾನು ಹೊತ್ತು, ಯಾರನ್ನೂ ನೋಡದೆ, ಅವನ ಮಗ್ಗುಲಲ್ಲಿ ಹಾದುಹೋದಳು. ಲಂಗದ ಪಟ್ಟಿಗಳು ಬೀಸಿದವು. ಆ ಗಾಳಿಯಲ್ಲಿ ಕರಿಯ ಬಂದ, ಕಿವಿಯ ಹಿಂದಿನ ಅದೇ ಬೆಚ್ಚನೆ ವಾಸನೆ. ಗಿದಮಿಲಂದನ ಮಾತು ನಿಂತುಹೋಯಿತು, ಎತ್ತಿದ ಕೋಲು ಖಾಲಿ ಬಾಗಿಲಿನ ಕಡೆ ಹಾಗೇ ಉಳಿಯಿತು, ಕಣ್ಣಿಂದ ನೀರಿಳಿಯಿತು.

"ಆ ಸಿಂಹವನ್ನು ನೆನೆದರೆ ಇವನಿಗೆ ಈಗಲೂ ಹೀಗೇ," ಎಂದು ಅಮ್ಸಿ ಬಂದವರಿಗೆ ವಿವರಿಸಿದ.

ಬಂದವರು ಚಪ್ಪಾಳೆ ತಟ್ಟಿದರು. ಉದಗೈದ ತಿರುಗಿ ನೋಡಲಿಲ್ಲ.